ವೈವಾ ಕೋಣೆಗೆ ಹೋಗುವ ಮುನ್ನ

1924ರ ನವೆಂಬರ್ 25. ಪ್ಯಾರಿಸ್‌ನ ಸೊರ್ಬಾನ್‌ನಲ್ಲಿ ಲೂಯಿ ಡಿ ಬ್ರಾಗ್ಲಿ ಎಂಬ 32 ವರ್ಷದ ಸಂಶೋಧಕರು ತಮ್ಮ ಡಾಕ್ಟರೇಟ್ ಪ್ರಬಂಧವನ್ನು ಸಮರ್ಥಿಸಿಕೊಳ್ಳಲು ಪರೀಕ್ಷಕರ ಮುಂದೆ ನಿಂತಿದ್ದರು. ಬೆಳಕು ಒಮ್ಮೆ ಅಲೆಯಂತೆ, ಒಮ್ಮೆ ಕಣದಂತೆ ವರ್ತಿಸುತ್ತದೆ ಎಂಬುದನ್ನೇ ಭೌತವಿಜ್ಞಾನ ಆಗಿನ್ನೂ ಅರಗಿಸಿಕೊಳ್ಳುತ್ತಿತ್ತು. ಡಿ ಬ್ರಾಗ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲೆಕ್ಟ್ರಾನಿನಂಥ ದ್ರವ್ಯಕಣಕ್ಕೂ ಅಲೆಯ ಗುಣವಿದೆ ಎಂದು ಬರೆದಿದ್ದರು. ಪರೀಕ್ಷಕರಾಗಿ ಜ್ಯಾನ್ ಪೆರಿನ್, ಪಾಲ್ ಲ್ಯಾಂಜವಿನ್, ಗಣಿತಜ್ಞ ಎಲೀ ಕಾರ್ಟಾನ್, ಹರಳುಗಳ ತಜ್ಞ ಶಾರ್ಲ್ ಮೋಗೆನ್ ಕುಳಿತಿದ್ದರು. ಪೆರಿನ್ ಒಂದು ಪ್ರಶ್ನೆ ಕೇಳಿದರು: ಈ ಅಲೆಗಳನ್ನು ಪ್ರಯೋಗದಲ್ಲಿ ನೋಡಲು ಸಾಧ್ಯವೇ? ಡಿ ಬ್ರಾಗ್ಲಿ ತಡವರಿಸಲಿಲ್ಲ. ಎಲೆಕ್ಟ್ರಾನುಗಳನ್ನು ಹರಳಿನ ಮೇಲೆ ಹಾಯಿಸಿದರೆ ಎಕ್ಸ್-ರೇ ಹಾಯಿಸಿದಾಗ ಆಗುವಂಥದೇ ವಿವರ್ತನೆ ಕಾಣಬೇಕು ಎಂದು ಉತ್ತರಿಸಿದರು. 1927ರಲ್ಲಿ ಅಮೆರಿಕದಲ್ಲಿ ಡೇವಿಸನ್ ಮತ್ತು ಜರ್ಮರ್, ಸ್ಕಾಟ್ಲೆಂಡಿನಲ್ಲಿ ಜಿ.ಪಿ. ಥಾಮ್ಸನ್ ಅದನ್ನು ಪ್ರಯೋಗದಲ್ಲಿ ಕಂಡರು. 1929ರ ನೊಬೆಲ್ ಪ್ರಶಸ್ತಿ ಡಿ ಬ್ರಾಗ್ಲಿಯವರಿಗೆ ಬಂತು.

ಪೆರಿನ್ ಕೇಳಿದ್ದು ಗಣಿತದ ಒಳಸುಳಿಯ ಪ್ರಶ್ನೆಯಲ್ಲ. ಹೈಸ್ಕೂಲಿನ ಜಾಣ ಹುಡುಗಿಯೊಬ್ಬಳೂ ಅದನ್ನು ಕೇಳಬಹುದಿತ್ತು. 'ನೀವು ಹೇಳುತ್ತಿರುವುದು ನಿಜವೆಂದು ತಿಳಿಯುವುದು ಹೇಗೆ?' ಇಷ್ಟೇ. ಡಿ ಬ್ರಾಗ್ಲಿಯವರ ಬಳಿ ಉತ್ತರ ಸಿದ್ಧವಿದ್ದುದಕ್ಕೆ ಒಂದು ಕಾರಣವಿದೆ. ಅದಕ್ಕೂ ಒಂದು ವರ್ಷ ಮೊದಲೇ, 1923ರಲ್ಲಿ ಪ್ರಕಟಿಸಿದ ಚಿಕ್ಕ ಟಿಪ್ಪಣಿಯೊಂದರಲ್ಲಿ, ತೀರಾ ಸಣ್ಣ ರಂಧ್ರದ ಮೂಲಕ ಎಲೆಕ್ಟ್ರಾನುಗಳು ಹಾದುಹೋದರೆ ಏನಾಗಬೇಕು ಎಂಬುದನ್ನು ಅವರು ಯೋಚಿಸಿ ಬರೆದಿದ್ದರು. ಪರೀಕ್ಷಕರು ಕೇಳಿದ ಪ್ರಶ್ನೆಯನ್ನು ಅವರು ಅಷ್ಟು ಹೊತ್ತಿಗಾಗಲೇ ತಮ್ಮನ್ನು ತಾವೇ ಕೇಳಿಕೊಂಡಾಗಿತ್ತು.

ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾರ್ಥಿಗಳಲ್ಲಿ ಹೆಚ್ಚಿನವರು ವೈವಾ ಎಂದರೆ ಹೆದರುವುದು ಬೇರೆ ಥರದ ಪ್ರಶ್ನೆಗಳಿಗೆ. ಪ್ರಬಂಧ ಬೈಂಡಿಂಗ್ ಆಗಿ ವಿಶ್ವವಿದ್ಯಾಲಯ ಸೇರಿದ ದಿನದಿಂದ ಅವರ ನಡುವೆ ಓಡಾಡುವ ಮಾತು ಒಂದೇ: 'ಎಕ್ಸ್‌ಟರ್ನಲ್ ಯಾರಂತೆ? ಸ್ಟ್ರಿಕ್ಟಾ?' ಯಾವ ಪುಟದ ಯಾವ ಅಡಿಟಿಪ್ಪಣಿಯನ್ನು ಹಿಡಿದೆಳೆಯುತ್ತಾರೋ, ಓದದೇ ಬಿಟ್ಟ ಯಾವ ಪುಸ್ತಕದ ಹೆಸರು ಹೇಳುತ್ತಾರೋ ಎಂಬ ದಿಗಿಲು. ಹಾಗಾಗಿ ತಯಾರಿಯೂ ಆ ದಿಗಿಲಿನ ದಾರಿಯಲ್ಲೇ ಸಾಗುತ್ತದೆ. ಮುನ್ನೂರು ಪುಟಗಳನ್ನು ಮತ್ತೆ ಮತ್ತೆ ಓದುವುದು, ಸ್ಲೈಡುಗಳನ್ನು ಐವತ್ತಕ್ಕೆ ಏರಿಸುವುದು, ಕೋಷ್ಟಕಗಳ ಅಂಕಿಗಳನ್ನು ಬಾಯಿಪಾಠ ಮಾಡುವುದು. ಇಷ್ಟೆಲ್ಲ ಮಾಡಿ ಕೋಣೆಗೆ ಹೋದವರನ್ನು 'ಈ ವಿಷಯವನ್ನೇ ಯಾಕೆ ತಗೊಂಡ್ರಿ?' ಎಂಬ ಮೊದಲ ಪ್ರಶ್ನೆಯೇ ನಿಲ್ಲಿಸಿಬಿಡುತ್ತದೆ.

ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಹೊರಗಿನ ಓದುಗರಿಗಾಗಿ ಸ್ವಲ್ಪ ಹೇಳಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಮಹಾಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಓದಿ ವರದಿ ಬರೆಯಬೇಕು. ಆ ಇಬ್ಬರು ಅದೇ ಸಂಸ್ಥೆಯ ನೌಕರರಾಗಿರಬಾರದು. ಇಬ್ಬರೂ ಪ್ರಬಂಧ ಅಂಗೀಕಾರಾರ್ಹ ಎಂದು ಶಿಫಾರಸು ಮಾಡಿದ ಮೇಲೆಯೇ ಮೌಖಿಕ ಪರೀಕ್ಷೆ. ಒಬ್ಬರು ತಿರಸ್ಕರಿಸಿದರೆ ಪ್ರಬಂಧ ಇನ್ನೊಬ್ಬ ಪರೀಕ್ಷಕರ ಬಳಿಗೆ ಹೋಗುತ್ತದೆ. ಮಂಡಳಿಯಲ್ಲಿ ಮಾರ್ಗದರ್ಶಕರೂ ಬಾಹ್ಯ ಪರೀಕ್ಷಕರಲ್ಲಿ ಒಬ್ಬರಾದರೂ ಇರಬೇಕು. ಅಧ್ಯಾಪಕರು, ಸಂಶೋಧನಾರ್ಥಿಗಳು, ವಿದ್ಯಾರ್ಥಿಗಳು ಬಂದು ಕುಳಿತುಕೊಳ್ಳಬಹುದು. ಹೆದರಿ ಕುಳಿತ ಅಭ್ಯರ್ಥಿಗಳು ಈ ಕ್ರಮದಲ್ಲಿ ಅಡಗಿರುವ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ವೈವಾದ ಪತ್ರ ಕೈಗೆ ಬಂದಿದೆ ಎಂದರೆ ಬರಹವನ್ನು ಕನಿಷ್ಠ ಇಬ್ಬರು ಹೊರಗಿನ ತಜ್ಞರು ಓದಿ ಒಪ್ಪಿಯಾಗಿದೆ. ಉಳಿದಿರುವುದು ಬರೆದ ವ್ಯಕ್ತಿಯನ್ನು ನೋಡುವುದು, ಆಕೆಯ ಅಥವಾ ಆತನ ಬಾಯಿಂದ ಆ ಕೆಲಸದ ಕಥೆ ಕೇಳುವುದು.

ಬೇರೆ ದೇಶಗಳಲ್ಲಿ ಪದ್ಧತಿ ಬೇರೆ. ಬ್ರಿಟನ್ನಿನಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ಇಬ್ಬರು ಪರೀಕ್ಷಕರೊಂದಿಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಬಂಧುಬಳಗದವರೆದುರು ಸಮಾರಂಭದಂತೆ ಸಮರ್ಥನೆ ನಡೆದು, ನಿಗದಿತ ಹೊತ್ತು ಮುಗಿದೊಡನೆ ದಂಡಧಾರಿ ಅಧಿಕಾರಿ ಒಳಬಂದು ಲ್ಯಾಟಿನ್ನಿನಲ್ಲಿ ಸಮಯವಾಯಿತೆಂದು ಸಾರುತ್ತಾರೆ. ಆಸ್ಟ್ರೇಲಿಯಾದಲ್ಲಿ ಬಹುಕಾಲ ಮೌಖಿಕ ಪರೀಕ್ಷೆಯೇ ಇರಲಿಲ್ಲ, ಪರೀಕ್ಷಕರ ಲಿಖಿತ ವರದಿಯ ಮೇಲೆಯೇ ತೀರ್ಮಾನವಾಗುತ್ತಿತ್ತು. ಆದರೆ ಎಲ್ಲಿಯೇ ಆಗಲಿ, ಅನುಭವಿ ಪರೀಕ್ಷಕರು ಪ್ರಬಂಧದಲ್ಲಿ ಹುಡುಕುವ ಸಂಗತಿಗಳಲ್ಲಿ ಅಷ್ಟೊಂದು ವ್ಯತ್ಯಾಸವಿಲ್ಲ. ವರ್ನನ್ ಟ್ರಾಫರ್ಡ್ ಮತ್ತು ಶೋಶ್ ಲೆಶೆಮ್ ಎಂಬ ಇಬ್ಬರು ಶಿಕ್ಷಣ ಸಂಶೋಧಕರು 2002ರಲ್ಲಿ ಬರೆದ ಲೇಖನದ ತಿರುಳೇ ಇದು. ವೈವಾದಲ್ಲಿ ಬರುವ ಪ್ರಶ್ನೆಗಳನ್ನು ಮೊದಲೇ ಊಹಿಸಬಹುದು, ಹಾಗಾಗಿ ಸಂಶೋಧನೆಯ ಆರಂಭದಲ್ಲೇ ಅವನ್ನು ಎದುರಿಗಿಟ್ಟುಕೊಳ್ಳಬೇಕು ಎನ್ನುತ್ತಾರೆ ಅವರು. ಯಾಕೆ ಈ ವಿಷಯ, ಯಾಕೆ ಈ ವಿಧಾನ, ಏನು ಸಿಕ್ಕಿತು, ಅದರಲ್ಲಿ ಹೊಸದೇನು, ಅದನ್ನು ಎಷ್ಟು ದೂರ ನಂಬಬಹುದು. ರಸಾಯನಶಾಸ್ತ್ರವಿರಲಿ, ಜಾನಪದವಿರಲಿ, ಈ ಐದರ ಸುತ್ತ ಮಾತು ತಿರುಗುತ್ತದೆ.

ಇಷ್ಟು ಸುಲಭದ ಪ್ರಶ್ನೆಗಳಿಗೆ ನಾಲ್ಕೈದು ವರ್ಷ ದುಡಿದವರು ಯಾಕೆ ತೊದಲುತ್ತಾರೆ? ಮನೋವಿಜ್ಞಾನದಲ್ಲಿ ಇದಕ್ಕೊಂದು ಒಳ್ಳೆಯ ಸುಳಿವಿದೆ. ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಜಿಪ್, ಬೀಗ, ಹೊಲಿಗೆ ಯಂತ್ರದಂಥ ದಿನಬಳಕೆಯ ವಸ್ತುಗಳನ್ನು ಹೆಸರಿಸಿ, ಇವು ಕೆಲಸ ಮಾಡುವುದು ಹೇಗೆಂದು ನಿಮಗೆ ಎಷ್ಟು ಚೆನ್ನಾಗಿ ಗೊತ್ತು ಎಂದು ಕೇಳಿದರು. ಜನ ತಮಗೆ ತಾವೇ ಧಾರಾಳವಾಗಿ ಅಂಕ ಕೊಟ್ಟುಕೊಂಡರು. ಆಮೇಲೆ, ಸರಿ, ಹಂತ ಹಂತವಾಗಿ ವಿವರಿಸಿ ಬರೆಯಿರಿ ಎಂದಾಗ ಕೈ ನಿಂತಿತು. ಎರಡನೇ ಸಲ ಅಂಕ ಹಾಕಿಕೊಳ್ಳುವಾಗ ಅವರೇ ಅದನ್ನು ಇಳಿಸಿಕೊಂಡರು. ಪರಿಚಿತವಾದದ್ದೆಲ್ಲ ಗೊತ್ತಿರುವಂತೆಯೇ ತೋರುತ್ತದೆ. ಸ್ವಂತ ಪ್ರಬಂಧಕ್ಕಿಂತ ಹೆಚ್ಚು ಪರಿಚಿತವಾದ ಬರಹ ಸಂಶೋಧನಾರ್ಥಿಗೆ ಇನ್ನೊಂದಿರುವುದಿಲ್ಲ. ಅದರ ಪ್ರತಿ ವಾಕ್ಯವೂ ಕಣ್ಣಿಗೆ ಗೊತ್ತು. ಆದರೆ ಆ ವಾಕ್ಯಕ್ಕೆ ಕಾರಣವೇನು ಎಂದು ಬಾಯಿಬಿಟ್ಟು ಹೇಳುವ ಸಂದರ್ಭ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಬಂದಿರುವುದಿಲ್ಲ.

ಮರುಓದಿನ ಬಗ್ಗೆಯೂ ಒಂದು ಮಾತು. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗವೊಂದನ್ನು ಕೊಟ್ಟು, ಒಂದು ಗುಂಪಿಗೆ ನಾಲ್ಕು ಅವಧಿಯಲ್ಲೂ ಓದಲು ಹೇಳಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುವುಮುರುವಾಯಿತು. ಬರೀ ಓದಿದವರಿಗೆ ಸುಮಾರು ಶೇಕಡಾ 40ರಷ್ಟು ನೆನಪಿದ್ದರೆ, ನೆನಪಿಸಿಕೊಂಡು ಬರೆದವರಿಗೆ ಸುಮಾರು ಶೇಕಡಾ 61ರಷ್ಟು. ವೈವಾದ ಹಿಂದಿನ ರಾತ್ರಿ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿಹಾಕಿದರೆ ಸಿಗುವುದು ಆ ಐದು ನಿಮಿಷದ ಧೈರ್ಯ.

ಪ್ರಬಂಧವನ್ನು ಮುಚ್ಚಿಟ್ಟು, ತನ್ನನ್ನು ತಾನೇ ಕೇಳಿಕೊಂಡು, ಉತ್ತರವನ್ನು ಬರೆದು ಅಥವಾ ಗಟ್ಟಿಯಾಗಿ ಹೇಳಿ ನೋಡುವುದು ಇದಕ್ಕಿಂತ ಬಹಳ ಉತ್ತಮವಾದ ದಾರಿ. ಅದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಟೆರಿ ಬಾರ್ಟನ್ ಎಂಬ ಅಮೆರಿಕದ ಶಾಲಾಶಿಕ್ಷಕ 1970ರಲ್ಲಿ ಬರೆದ ಪುಸ್ತಕವೊಂದರಲ್ಲಿ ಮಕ್ಕಳೊಂದಿಗೆ ಮೂರು ಪ್ರಶ್ನೆಗಳನ್ನು ಬಳಸಿದ. ಏನು? ಅದರಿಂದೇನು? ಇನ್ನು ಮುಂದೇನು? ಮುಂದೆ ನರ್ಸಿಂಗ್ ಶಿಕ್ಷಣದಲ್ಲಿ ಈ ಮೂರೂ ಬೇರುಬಿಟ್ಟವು. ದಿನದ ಕೆಲಸ ಮುಗಿಸಿದ ನರ್ಸ್, ಏನಾಯಿತು, ಅದರ ಅರ್ಥವೇನು, ನಾಳೆ ಏನು ಬದಲಿಸಬೇಕು ಎಂದು ಬರೆದಿಡುವ ಅಭ್ಯಾಸ ಅದು. ಪ್ರಬಂಧದ ಪ್ರತಿ ಅಧ್ಯಾಯಕ್ಕೂ ಒಂದು ಹಾಳೆ ತೆಗೆದುಕೊಂಡು ಇದೇ ಮೂರನ್ನು ಕೇಳಿದರೆ ಆರು ಅಧ್ಯಾಯದ ಪ್ರಬಂಧ ಆರು ಹಾಳೆಗೆ ಇಳಿಯುತ್ತದೆ.

ನಮ್ಮಲ್ಲಿಯೂ ಇಂಥ ಪದ್ಧತಿ ಹಳೆಯದೇ. ಶಾಸ್ತ್ರಗ್ರಂಥವೊಂದನ್ನು ಕೈಗೆತ್ತಿಕೊಳ್ಳುವ ಮೊದಲು ಅನುಬಂಧ ಚತುಷ್ಟಯ ಎಂಬ ನಾಲ್ಕು ಸಂಗತಿಗಳನ್ನು ವಿಚಾರಿಸುತ್ತಿದ್ದರು. ವಿಷಯವೇನು, ಪ್ರಯೋಜನವೇನು, ಇದನ್ನು ಓದಲು ಅಧಿಕಾರಿ ಯಾರು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು. ಸಿದ್ಧಾಂತ ಹೇಳುವವನು ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ತಾನೇ ಬಲವಾಗಿ ಮಂಡಿಸಬೇಕಿತ್ತು. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿದರೆ ಸಿದ್ಧಾಂತವೂ ದುರ್ಬಲವಾಗಿಯೇ ಕಾಣುತ್ತದೆ. ಇಂದಿನ ಸಂಶೋಧನಾರ್ಥಿಗೆ ಇದಕ್ಕಿಂತ ಹತ್ತಿರದ ಸಲಹೆ ಸಿಗಲಾರದು. ತನ್ನ ಪ್ರಬಂಧದ ವಿರುದ್ಧ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಯಾವುದು ಎಂದು ಕೇಳಿಕೊಂಡು, ಅದನ್ನು ಒಂದು ಪುಟದಲ್ಲಿ ಎದುರಾಳಿಯ ಪರವಾಗಿಯೇ ಬರೆದು ನೋಡಬೇಕು.

ಇವೆಲ್ಲ ಕಾಗದದ ಮೇಲೆ ಚೆನ್ನ. ಕೆಲಸದಲ್ಲಿ ಹೇಗೆ? ಒಬ್ಬ ಸಂಶೋಧನಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ತುಮಕೂರು ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳ ಸಾಲ ಮನೆಯೊಳಗಿನ ತೀರ್ಮಾನಗಳನ್ನು ಬದಲಿಸಿದೆಯೇ ಎಂಬುದು ಆಕೆಯ ವಿಷಯ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000-01ರಲ್ಲಿ. ಅಲ್ಲಿಂದೀಚೆಗೆ ಈ ಸಂಘಗಳ ಮೇಲೆ ಬಂದ ಅಧ್ಯಯನಗಳಿಗೆ ಕೊರತೆಯಿಲ್ಲ. ಆಕೆ ತಿಪಟೂರು ಮತ್ತು ಪಾವಗಡ ತಾಲ್ಲೂಕುಗಳನ್ನು ಆರಿಸಿಕೊಂಡಿದ್ದಾಳೆ. ಮೊದಲ ಪ್ರಶ್ನೆ ಬಂದೇ ಬರುತ್ತದೆ: 'ಜಿಲ್ಲೆಯಲ್ಲಿ ಹತ್ತು ತಾಲ್ಲೂಕು ಇರುವಾಗ ಇವೆರಡೇ ಯಾಕಮ್ಮ?'

ಪ್ರಬಂಧದಲ್ಲಿ ಬರೆದಿರುವ ಉತ್ತರ ಏನೋ ಇರುತ್ತದೆ. ತಿಪಟೂರು ತೆಂಗಿನ ಸೀಮೆ, ಕೊಬ್ಬರಿ ಮಾರುಕಟ್ಟೆಯ ಊರು, ರೈಲು ಮಾರ್ಗದ ಮೇಲಿದೆ. ಪಾವಗಡ ಆಂಧ್ರದ ಗಡಿಯಲ್ಲಿ ಒಣಭೂಮಿಯ ತಾಲ್ಲೂಕು. ಎರಡನ್ನೂ ಹೋಲಿಸಬಹುದು. ಆದರೆ ಮನಸ್ಸಿನಲ್ಲಿರುವ ಉತ್ತರ ಇನ್ನೊಂದು. ತಿಪಟೂರಿನಲ್ಲಿ ಚಿಕ್ಕಮ್ಮನ ಮನೆಯಿತ್ತು, ಉಳಿದುಕೊಳ್ಳಲು ಅನುಕೂಲ. ಪಾವಗಡದಲ್ಲಿ ಸಹಪಾಠಿಯೊಬ್ಬಳು ಅಂಗನವಾಡಿ ಕಾರ್ಯಕರ್ತೆಯರ ಪರಿಚಯ ಮಾಡಿಸಿಕೊಟ್ಟಳು. ಇದನ್ನು ಹೇಳಲು ಆಕೆಗೆ ನಾಚಿಕೆ. ನಾಚಿಕೆ ಬೇಕಿಲ್ಲ. ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಗೊತ್ತು, ಒಳಗೆ ಬಿಡುವ ಬಾಗಿಲು ಇರುವಲ್ಲಿಯೇ ಕೆಲಸ ಸಾಧ್ಯ. ಆದರೆ ಆ ಬಾಗಿಲಿನಿಂದ ಏನು ಕಾಣಿಸಿತು, ಏನು ಕಾಣಿಸಲಿಲ್ಲ ಎಂಬುದನ್ನು ಆಕೆ ಯೋಚಿಸಿರಬೇಕು. ಅಂಗನವಾಡಿ ಕಾರ್ಯಕರ್ತೆ ತೋರಿಸಿದ ಸಂಘಗಳು ಚೆನ್ನಾಗಿ ನಡೆಯುತ್ತಿರುವ ಸಂಘಗಳೇ ಆಗಿದ್ದಿರಬಹುದಲ್ಲವೇ? ಮುರಿದುಬಿದ್ದ ಸಂಘದ ಹೆಂಗಸರನ್ನು ಆಕೆ ಮಾತಾಡಿಸಿದಳೇ? ಸಂದರ್ಶನದ ಹೊತ್ತಿಗೆ ಗಂಡ ಅಥವಾ ಅತ್ತೆ ಪಕ್ಕದಲ್ಲಿ ಕುಳಿತಿದ್ದರೆ 'ಮನೆಯಲ್ಲಿ ತೀರ್ಮಾನ ಯಾರದು?' ಎಂಬ ಪ್ರಶ್ನೆಗೆ ಬಂದ ಉತ್ತರದ ಬೆಲೆ ಎಷ್ಟು?

ಈ ಪ್ರಶ್ನೆಗಳನ್ನು ಆಕೆ ತನಗೆ ತಾನೇ ಕೇಳಿಕೊಂಡಿದ್ದರೆ, ಅದೇ ಪ್ರಶ್ನೆ ಪರೀಕ್ಷಕರ ಬಾಯಿಂದ ಬಂದಾಗ ಅದು ಆಪಾದನೆಯಂತೆ ಕೇಳಿಸುವುದಿಲ್ಲ. 'ಹೌದು ಸರ್, ಅಂಗನವಾಡಿಯ ಮೂಲಕ ಹೋದದ್ದರಿಂದ ಚಾಲ್ತಿಯಲ್ಲಿರುವ ಸಂಘಗಳೇ ಹೆಚ್ಚು ಸಿಕ್ಕವು. ಹಾಗಾಗಿ ಸಾಲ ಎಲ್ಲ ಮನೆಗಳನ್ನೂ ಬದಲಿಸುತ್ತದೆ ಅಂತ ನಾನು ಹೇಳ್ತಾ ಇಲ್ಲ. ಸಂಘ ಉಳಿದುಕೊಂಡ ಕಡೆ ಏನಾಯಿತು ಅನ್ನೋದಷ್ಟೇ ನನ್ನ ವಾದ' ಎಂದು ಆಕೆ ಹೇಳಬಲ್ಲಳು. ಇಲ್ಲಿ ಆಕೆ ಸೋತಂತೆ ಕಂಡೀತು. ನಿಜವಾಗಿ ತನ್ನ ಪ್ರಬಂಧ ಎಲ್ಲಿ ನಿಂತಿದೆ ಎಂಬುದನ್ನು ಆಕೆ ಆ ಕೋಣೆಯ ಎಲ್ಲರಿಗಿಂತ ಚೆನ್ನಾಗಿ ಬಲ್ಲಳೆಂದು ತೋರಿಸಿಕೊಟ್ಟಿದ್ದಾಳೆ. ಪರೀಕ್ಷಕರು ಕಾಯುತ್ತಿರುವುದು ಇಂಥ ಮಾತಿಗಾಗಿಯೇ. 'ನಮ್ಮ ಗೈಡ್ ಹೇಳಿದ್ರು ಸರ್, ಅದಕ್ಕೆ' ಎಂಬುದು ಮಾತ್ರ ಎಂದಿಗೂ ಉತ್ತರವಲ್ಲ. ಮಾರ್ಗದರ್ಶಕರು ಹೇಳಿದ್ದು ನಿಜವಿರಬಹುದು. ಅವರು ಯಾಕೆ ಹಾಗೆ ಹೇಳಿದರು, ತಾನು ಯಾಕೆ ಒಪ್ಪಿದೆ ಎಂಬುದನ್ನು ಅಭ್ಯರ್ಥಿ ಕಂಡುಕೊಂಡಿರಬೇಕು.

ಎಲ್ಲೆಯನ್ನು ಹೇಳಲು ಹಿಂಜರಿಯಬೇಕಿಲ್ಲ ಎಂಬುದಕ್ಕೆ ಕನ್ನಡದ ಸಂಶೋಧನೆಯಲ್ಲೇ ಒಳ್ಳೆಯ ಮಾದರಿಯಿದೆ. ಎಂ. ಚಿದಾನಂದಮೂರ್ತಿಯವರ ಪಿಎಚ್.ಡಿ. ಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪುಸ್ತಕವಾಗಿ ಬಂತು. ಕ್ರಿ.ಶ. 450ರಿಂದ 1150 ಎಂಬ ಕಾಲದ ಎಲ್ಲೆಯನ್ನು ಅದರ ಶೀರ್ಷಿಕೆಯೇ ಹೇಳುತ್ತದೆ. ಕನ್ನಡದ ಮೊದಲ ಶಾಸನವೆಂದು ಬಹುಕಾಲ ಗುರುತಿಸಲಾದ ಹಲ್ಮಿಡಿ ಶಾಸನದ ಕಾಲ ಸುಮಾರು 450. ಆರಂಭದ ಗಡಿಯನ್ನು ಆಧಾರವೇ ಹಾಕಿಕೊಟ್ಟಿದೆ. ಏಳು ಶತಮಾನಗಳ ಶಾಸನರಾಶಿಯಲ್ಲಿ ಜನಜೀವನವನ್ನು ಹುಡುಕಿದ ಆ ಗ್ರಂಥ ಇಂದಿಗೂ ಆಕರವಾಗಿ ಉಳಿದಿರುವುದಕ್ಕೆ ಆ ಗಡಿಯೂ ಒಂದು ಕಾರಣವಲ್ಲವೇ ಎಂದು ಯೋಚಿಸಬೇಕು. ಎಲ್ಲ ಕಾಲದ ಎಲ್ಲ ಶಾಸನಗಳನ್ನೂ ಬಾಚಿಕೊಳ್ಳಲು ಹೊರಟಿದ್ದರೆ ಅಷ್ಟು ಆಳಕ್ಕೆ ಇಳಿಯಲು ಆಗುತ್ತಿರಲಿಲ್ಲ. ಪ್ರತಿಯೊಬ್ಬ ಸಂಶೋಧನಾರ್ಥಿಯೂ ತನ್ನ ಶೀರ್ಷಿಕೆಯ ಒಂದೊಂದು ಪದದ ಮೇಲೂ ಬೆರಳಿಟ್ಟು 'ಇದು ಯಾಕೆ ಇದೆ, ತೆಗೆದರೆ ಏನಾಗುತ್ತದೆ?' ಎಂದು ಕೇಳಿಕೊಳ್ಳಬೇಕು. ಇದಕ್ಕೆ ಹಿಡಿಯುವುದು ಅರ್ಧ ಗಂಟೆ. ಇಷ್ಟು ಸಣ್ಣ ಕೆಲಸದಿಂದ ಇಷ್ಟು ದೊಡ್ಡ ಲಾಭ ಕೊಡುವ ತಯಾರಿ ಬೇರೊಂದಿಲ್ಲ.

ತನ್ನ ಮಾತನ್ನು ಎಷ್ಟರಮಟ್ಟಿಗೆ ನಂಬುತ್ತೇನೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಅದರ ಕಷ್ಟವನ್ನು ಸಿಸಿಲಿಯಾ ಪೇನ್ ಅವರ ಕಥೆ ಹೇಳುತ್ತದೆ. ಇಂಗ್ಲೆಂಡಿನಿಂದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಬಂದ ಅವರು 1925ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿಗೆ ಒಪ್ಪಿಸಿದ ಪ್ರಬಂಧದಲ್ಲಿ ನಮ್ಮ ಮೇಘನಾದ ಸಾಹಾ ರೂಪಿಸಿದ್ದ ಅಯಾನೀಕರಣ ಸಮೀಕರಣವನ್ನು ನಕ್ಷತ್ರಗಳ ರೋಹಿತಕ್ಕೆ ಅನ್ವಯಿಸಿದ್ದರು. ಲೆಕ್ಕ ಮಾಡಿದಾಗ ನಕ್ಷತ್ರಗಳಲ್ಲಿ ಲೋಹಗಳಿಗಿಂತ ಜಲಜನಕ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚಿದೆ ಎಂದು ಬಂತು. ಸೂರ್ಯನೂ ಭೂಮಿಯಂಥದೇ ಧಾತುಗಳಿಂದ ಆಗಿದ್ದಾನೆ ಎಂದು ಎಲ್ಲರೂ ನಂಬಿದ್ದ ಕಾಲ. ಹೆಸರಾಂತ ಖಗೋಳವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವೇ ಇಲ್ಲ ಎಂದರು. ಪೇನ್ ತಮ್ಮ ಪ್ರಬಂಧದಲ್ಲಿ ಈ ಅಂಕಿ ಬಹುತೇಕ ನಿಜವಾಗಿರಲಾರದು ಎಂಬ ಮಾತು ಸೇರಿಸಿದರು. ನಾಲ್ಕು ವರ್ಷಗಳ ನಂತರ, 1929ರಲ್ಲಿ, ರಸೆಲ್ ಬೇರೆ ದಾರಿಯಿಂದ ಅದೇ ಫಲಿತಾಂಶಕ್ಕೆ ಬಂದರು. ಪೇನ್ ಅವರ ಲೆಕ್ಕವೇ ಸರಿಯಾಗಿತ್ತು.

ಇದನ್ನು ಓದಿ ಪರೀಕ್ಷಕರ ಮಾತಿಗೆ ಕಿವಿಗೊಡಬಾರದು ಎಂದುಕೊಳ್ಳುವುದು ಬೇಡ. ಎಲ್ಲರ ಪ್ರಬಂಧದಲ್ಲೂ ಸೂರ್ಯನ ಗುಟ್ಟು ಅಡಗಿರುವುದಿಲ್ಲ. ಆದರೆ ತನ್ನ ಆಧಾರ ಏನು ಹೇಳುತ್ತಿದೆ, ಹಿರಿಯರ ಅಭಿಪ್ರಾಯ ಏನು ಹೇಳುತ್ತಿದೆ, ಇವೆರಡೂ ಬೇರೆಯಾದಾಗ ತಾನು ಎಲ್ಲಿ ಬಾಗಿದೆ ಎಂಬುದು ಸಂಶೋಧನಾರ್ಥಿಗೆ ಗೊತ್ತಿರಬೇಕು. ಪ್ರಬಂಧದಲ್ಲಿ ಹೇಳಲು ಹೆದರಿದ ಒಂದು ಮಾತು ಇದೆಯೇ? ಇದ್ದರೆ ಆ ಹೆದರಿಕೆಗೆ ಕಾರಣ ಆಧಾರದ ಕೊರತೆಯೋ, ಧೈರ್ಯದ ಕೊರತೆಯೋ? ಈ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡವರು ವೈವಾದಲ್ಲಿ ತಮ್ಮ ಪ್ರಬಂಧದ ಅತ್ಯಂತ ಜೀವಂತ ಭಾಗದ ಬಗ್ಗೆ ಮಾತಾಡಬಲ್ಲರು.

ಕಾಲದ ಪ್ರಶ್ನೆ ಇನ್ನೊಂದು. ಪ್ರಬಂಧ ಶುರುವಾದಾಗ ಇದ್ದ ಲೋಕ ಮುಗಿಯುವಾಗ ಇರುವುದಿಲ್ಲ. 'ಕ್ವೀನ್' ವಾದ್ಯವೃಂದದ ಗಿಟಾರ್ ವಾದಕ ಬ್ರಯನ್ ಮೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1970ರಲ್ಲಿ ಸಂಶೋಧನೆ ಆರಂಭಿಸಿ, ಸಂಗೀತದ ಸೆಳೆತಕ್ಕೆ ಅದನ್ನು ಅರ್ಧಕ್ಕೆ ಬಿಟ್ಟು, 2006ರಲ್ಲಿ ಮತ್ತೆ ನೋಂದಾಯಿಸಿಕೊಂಡು 2007ರ ಆಗಸ್ಟ್‌ನಲ್ಲಿ ವೈವಾ ಮುಗಿಸಿದರು. ಸೌರಮಂಡಲದ ಧೂಳಿನ ಚಲನೆ ಅವರ ವಿಷಯ. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬೇರೆಯವರು ಮಾಡಿದ್ದನ್ನೆಲ್ಲ ಅವರು ಓದಿ ತಮ್ಮ ಹಳೆಯ ವೀಕ್ಷಣೆಗಳ ಪಕ್ಕದಲ್ಲಿ ಇಡಬೇಕಾಯಿತು. ನಮ್ಮ ಅಭ್ಯರ್ಥಿಗಳಿಗೆ ಅಂತರ ಐದಾರು ವರ್ಷದ್ದಿರಬಹುದು. ಆದರೂ ಪ್ರಬಂಧ ಒಪ್ಪಿಸಿದ ಮೇಲೆ ವೈವಾ ನಡೆಯುವ ತನಕದ ತಿಂಗಳುಗಳಲ್ಲಿ ತನ್ನ ವಿಷಯದಲ್ಲಿ ಹೊಸದೇನು ಬಂದಿದೆ, ಇವತ್ತು ಶುರುಮಾಡಿದ್ದರೆ ಏನನ್ನು ಬೇರೆ ರೀತಿ ಮಾಡುತ್ತಿದ್ದೆ ಎಂದು ನೋಡಿಕೊಂಡಿರಬೇಕು. 'ಏನನ್ನು ಬೇರೆ ರೀತಿ ಮಾಡುತ್ತಿದ್ದಿರಿ?' ಎಂಬ ಪ್ರಶ್ನೆಗೆ ಕೆಲವರು 'ಏನೂ ಇಲ್ಲ ಸರ್' ಎಂದು ಬಾಗಿಲು ಹಾಕುತ್ತಾರೆ. ಕೆಲವರು ವಿನಯದ ಭರದಲ್ಲಿ ತಮ್ಮ ಕೆಲಸವನ್ನೇ ಹೀನಾಯವಾಗಿ ಕಾಣುತ್ತಾರೆ. ಒಂದೇ ಒಂದು ಬದಲಾವಣೆ, ಅದಕ್ಕೊಂದು ಕಾರಣ, ಅದರಿಂದ ಆಗಬಹುದಿದ್ದ ಲಾಭ. ಇಷ್ಟು ಹೇಳಿದರೆ ಸಾಕು.

ಗೊತ್ತಿಲ್ಲದ ಪ್ರಶ್ನೆ ಬಂದರೆ? ಬರುತ್ತದೆ. ಆಸ್ಟ್ರೇಲಿಯಾದ ಜೆರಿ ಮಲಿನ್ಸ್ ಮತ್ತು ಮಾರ್ಗರೆಟ್ ಕೈಲಿ 30 ಮಂದಿ ಅನುಭವಿ ಪರೀಕ್ಷಕರನ್ನು ಮಾತಾಡಿಸಿ 2002ರಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಪಿಎಚ್.ಡಿ. ಎಂದರೆ ನೊಬೆಲ್ ಪ್ರಶಸ್ತಿಯಲ್ಲ ಎಂದು ನೆನಪಿಸುತ್ತದೆ. ಪಳಗಿದ ಪರೀಕ್ಷಕರು ಪ್ರಬಂಧ ತೇರ್ಗಡೆಯಾಗಲಿ ಎಂಬ ನಿರೀಕ್ಷೆಯಿಂದಲೇ ಓದಲು ಕೂರುತ್ತಾರೆ, ಫೇಲು ಮಾಡಲು ಹಿಂಜರಿಯುತ್ತಾರೆ ಎಂಬುದು ಆ ಅಧ್ಯಯನ ಕಂಡ ಸಂಗತಿ. 'ಆ ದೃಷ್ಟಿಯಿಂದ ನಾನು ನೋಡಿರಲಿಲ್ಲ, ನೋಡಬೇಕೆಂದರೆ ಹೀಗೆ ಶುರುಮಾಡುತ್ತೇನೆ' ಎಂಬ ಮಾತಿಗೆ ಅಂಥ ಪರೀಕ್ಷಕರು ತಲೆದೂಗುತ್ತಾರೆ.

ತಿದ್ದುಪಡಿ ಹೇಳಿದರೂ ಕುಗ್ಗಬೇಕಿಲ್ಲ. ಡಾ. ಬಿ.ಆರ್. ಅಂಬೇಡ್ಕರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಪ್ರಬಂಧವನ್ನು ಪರೀಕ್ಷಕರು ಮೊದಲ ಸಲ ಅಂಗೀಕರಿಸಲಿಲ್ಲ. 1923ರ ಆಗಸ್ಟ್‌ನಲ್ಲಿ ಅದನ್ನು ಮತ್ತೆ ಒಪ್ಪಿಸಿದರು, ನವೆಂಬರಿನಲ್ಲಿ ಅಂಗೀಕಾರವಾಯಿತು. ಭಾರತದ ಹಣಕಾಸಿನ ಚರಿತ್ರೆಯಲ್ಲಿ ಆ ಪ್ರಬಂಧಕ್ಕಿರುವ ಸ್ಥಾನ ಎಲ್ಲರಿಗೂ ತಿಳಿದದ್ದೇ.

ಉತ್ತರಗಳನ್ನು ಹಾಳೆಯ ಮೇಲೆ ಬರೆದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧ ಬಾಯಿಯದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರುಮಾಡಿದ ಮೂರು ನಿಮಿಷದ ಪ್ರಬಂಧ ಸ್ಪರ್ಧೆ ಇಂದು ಅನೇಕ ದೇಶಗಳಿಗೆ ಹಬ್ಬಿದೆ. ಒಂದೇ ಸ್ಲೈಡು, ಮೂರು ನಿಮಿಷ, ವಿಷಯ ಗೊತ್ತಿಲ್ಲದ ಸಭಿಕರು. ಆಗ ಅಲ್ಲಿ ಬರಗಾಲ. ನೀರುಳಿಸಲೆಂದು ಜನ ಸ್ನಾನದ ಮನೆಯಲ್ಲಿ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಂಡಿದ್ದರು, ಸ್ಪರ್ಧೆಯ ಅವಧಿ ಹುಟ್ಟಿದ್ದು ಅದರಿಂದ. ಕನ್ನಡ ನಾಡಿನ ಸಂಶೋಧನಾರ್ಥಿಗೆ ಸಭಿಕರು ಮನೆಯಲ್ಲೇ ಇದ್ದಾರೆ. ಇಂಗ್ಲಿಷಿನಲ್ಲಿ ಪ್ರಬಂಧ ಬರೆದ ಜೀವವಿಜ್ಞಾನದ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಅಮ್ಮನಿಗೆ, ತಾನು ಐದು ವರ್ಷ ಏನು ಮಾಡಿದೆ ಎಂದು ಕನ್ನಡದಲ್ಲಿ ಹೇಳಲಿ. ಆಕೆ 'ಸರಿ, ಅದರಿಂದ ಏನಾಗುತ್ತಪ್ಪ?' ಎಂದು ಕೇಳಿಯೇ ಕೇಳುತ್ತಾರೆ. ಬಾರ್ಟನ್‌ನ ಎರಡನೇ ಪ್ರಶ್ನೆ ಅದೇ. ಅಮ್ಮನಿಗೆ ಅರ್ಥವಾಗುವಂತೆ ಅದಕ್ಕೆ ಉತ್ತರಿಸಿದವನಿಗೆ ಪರೀಕ್ಷಕರ ಎದುರು ಇಂಗ್ಲಿಷ್ ತಡವರಿಸಿದರೂ ವಿಚಾರ ತಡವರಿಸುವುದಿಲ್ಲ.

ಒಂದು ಕಹಿ ಮಾತನ್ನೂ ಇಲ್ಲಿ ಹೇಳಲೇಬೇಕು. ಹಲವೆಡೆ ವೈವಾ ಎಂದರೆ ಹಾರ, ಶಾಲು, ಊಟದ ವ್ಯವಸ್ಥೆ ಎಂಬಷ್ಟಕ್ಕೆ ಇಳಿದಿದೆ. ಸಂತೋಷದ ದಿನದಲ್ಲಿ ಊಟ ಇರಲಿ, ಅದು ತಪ್ಪಲ್ಲ. ಆದರೆ ಪ್ರಶ್ನೆಗಳೇ ಇಲ್ಲದೆ ಅರ್ಧ ಗಂಟೆಯಲ್ಲಿ ಮುಗಿದ ವೈವಾ ಅಭ್ಯರ್ಥಿಗೆ ಮಾಡುವ ಅನ್ಯಾಯ ದೊಡ್ಡದು. ವರ್ಷಗಟ್ಟಲೆ ಒಂಟಿಯಾಗಿ ಮಾಡಿದ ಕೆಲಸದ ಬಗ್ಗೆ, ಅದನ್ನು ಪೂರ್ತಿ ಓದಿದ ತಜ್ಞರೊಬ್ಬರು ಎದುರು ಕುಳಿತು ಮಾತಾಡುವ ಅವಕಾಶ ಜೀವನದಲ್ಲಿ ಮತ್ತೆ ಸಿಗುವುದು ಕಷ್ಟ. ಬೇರೆಯವರಿಂದ ಬರೆಸಿದ ಪ್ರಬಂಧಗಳ ಬಗ್ಗೆ ನಾವೆಲ್ಲ ಆಗಾಗ ಕೇಳುತ್ತೇವೆ. ಅವುಗಳನ್ನು ಹಿಡಿಯಲು ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶಕ್ಕಿಂತ 'ಈ ಅಧ್ಯಾಯ ಬರೆಯುವಾಗ ಯಾವುದು ಕಷ್ಟವಾಯಿತು?' ಎಂಬ ಸಾದಾ ಪ್ರಶ್ನೆ ಹೆಚ್ಚು ಬಲವುಳ್ಳದ್ದು. ತಾನೇ ಬರೆದವಳು ಅದಕ್ಕೆ ಹತ್ತು ನಿಮಿಷ ಉತ್ತರ ಕೊಡುತ್ತಾಳೆ.

ಈ ಪ್ರಶ್ನೆಗಳನ್ನು ವೈವಾದ ಹಿಂದಿನ ವಾರಕ್ಕೆ ಕಾದಿಡಬೇಕಿಲ್ಲ. ಪ್ರಬಂಧ ಒಪ್ಪಿಸುವ ಮೊದಲು ಸಲಹಾ ಸಮಿತಿಯ ಎದುರು ನಡೆಯುವ ಪ್ರೀ-ಸಬ್ಮಿಷನ್ ಮಂಡನೆಗೆ ಇವೇ ಹಾಳೆಗಳನ್ನು ಬರೆದುಕೊಂಡರೆ, ಟೊಳ್ಳು ಕಂಡ ಕಡೆ ತುಂಬಲು ಇನ್ನೂ ಕಾಲವಿರುತ್ತದೆ. ಅದಕ್ಕೂ ಮೊದಲು, ಕೋರ್ಸ್‌ವರ್ಕ್ ಮುಗಿಸಿದ ಮೊದಲ ವರ್ಷದವರಿಗೂ ಒಂದು ದಾರಿಯಿದೆ. ವೈವಾಗೆ ಸಂಶೋಧನಾರ್ಥಿಗಳು ಬಂದು ಕೂರಬಹುದು ಎಂದು ನಿಯಮವೇ ಹೇಳುತ್ತದೆ, ದಿನಾಂಕದ ಸುತ್ತೋಲೆ ವಿಭಾಗದ ನೋಟಿಸ್ ಬೋರ್ಡಿಗೆ ಬರುತ್ತದೆ. ಆದರೂ ಬರುವವರು ಅಭ್ಯರ್ಥಿಯ ಗೆಳೆಯರು ಮಾತ್ರ, ಅದೂ ಫೋಟೊ ತೆಗೆಯಲು. ತನ್ನ ವಿಷಯಕ್ಕೆ ಸಂಬಂಧವೇ ಇಲ್ಲದ ವೈವಾ ಆದರೂ ಹೋಗಿ ಕುಳಿತು, ಪರೀಕ್ಷಕರ ಪ್ರಶ್ನೆಗಳನ್ನು ಅವರಾಡಿದ ಮಾತಿನಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು. ಯಾವ ಪ್ರಶ್ನೆಗೆ ಅಭ್ಯರ್ಥಿ ನಿಂತರು, ಯಾವುದಕ್ಕೆ ಮುಖ ಅರಳಿತು ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಬೇಕು. ಅದೇ ದಿನ ಹಾಸ್ಟೆಲಿಗೆ ಮರಳಿದ ಮೇಲೆ, ಅಭ್ಯರ್ಥಿ ನಿಂತುಬಿಟ್ಟ ಆ ಪ್ರಶ್ನೆಗಳಲ್ಲಿ ಒಂದನ್ನು ಆರಿಸಿ, ತನ್ನ ವಿಷಯದ ಹೆಸರು ಸೇರಿಸಿ, ಉತ್ತರ ಬರೆಯಲು ಕೂರಬೇಕು.